ಕಡಲ ನುಡಿ, ಕಡಲ ಕ್ಷೇಮ: ಕನ್ನಡ ಸಂಶೋಧನೆಯ ಒಂದು ಕೊರತೆ

ಕನ್ನಡ ಸಂಶೋಧನೆಗೂ ಕಡಲಿಗೂ ಇರುವ ನಂಟು ಒಂದು ನಗೆನಾಟಕದಿಂದ ಆರಂಭವಾಗುತ್ತದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು 1903ರಲ್ಲಿ ಪ್ರಕಟವಾದ, ಕ್ರಿ.ಶ. ಎರಡನೆಯ ಶತಮಾನದ ಪಪೈರಸ್ಸೊಂದರಲ್ಲಿ ಗ್ರೀಕ್ ಪ್ರಹಸನವೊಂದಿದೆ. ಭಾರತದ ಯಾವುದೋ ಕರಾವಳಿಯಲ್ಲಿ ಸೆರೆಸಿಕ್ಕ ಗ್ರೀಕ್ ಹೆಣ್ಣುಮಗಳನ್ನು ಅವಳ ಸೋದರನೂ ಸಂಗಡಿಗರೂ ಸ್ಥಳೀಯ ಅರಸನಿಗೆ ಮದ್ಯ ಕುಡಿಸಿ, ಹಡಗೇರಿಸಿಕೊಂಡು ಪಾರುಮಾಡುವುದು ಅದರ ಕಥೆ. ಅದರಲ್ಲಿ ಸ್ಥಳೀಯರು ಆಡುವ, ಗ್ರೀಕರಿಗೆ ಅರ್ಥವಾಗದ ಮಾತುಗಳು ಕನ್ನಡವಿರಬಹುದೆಂದು 1904ರಲ್ಲಿ ಹುಲ್ಷ್ ಸೂಚಿಸಿದರು. ಮುಂದೆ ಆರ್. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ಮಾತುಗಳನ್ನು ಬಿಡಿಸಿ ನೋಡಿದರು. ಪ್ರಸಂಗ ನಡೆದದ್ದು ಮಲ್ಪೆ-ಉದ್ಯಾವರದ ಆಸುಪಾಸಿನಲ್ಲೆಂಬ ಊಹೆ ಬಂದಿತು. ಮಾತು ಕನ್ನಡವಲ್ಲ, ತುಳು ಎಂಬ ವಾದವೂ ಹುಟ್ಟಿತು. ಚರ್ಚೆ ಇನ್ನೂ ಮುಗಿದಿಲ್ಲ. ಮುಗಿಯಬೇಕೆಂಬ ಅವಸರವೂ ಯಾರಿಗೂ ಇದ್ದಂತಿಲ್ಲ.

ಹದಿನೆಂಟು ಶತಮಾನಗಳ ಹಿಂದೆ ಪರದೇಶದ ನಾವಿಕರ ಕಿವಿಗೆ ಬಿದ್ದ ನಾಲ್ಕಾರು ಅಪಭ್ರಷ್ಟ ಮಾತುಗಳಿಗೆ ಇಷ್ಟು ವಿದ್ವತ್ತು ಸಂದದ್ದು ಅಭಿಮಾನದ ಸಂಗತಿಯೇ ಸರಿ. ಆದರೆ ಅದೇ ಮಲ್ಪೆಯ ಬಂದರಿನಲ್ಲಿ ಇಂದು ತಾಂಡೇಲನೊಬ್ಬ ಕಲಾಸಿಗಳಿಗೆ ಕೂಗಿ ಹೇಳುವ ಮಾತುಗಳಿಗೆ ಆ ಭಾಗ್ಯ ದೊರೆತಿಲ್ಲ. ವೃತ್ತಿಪದಕೋಶಗಳ ಕೆಲಸ ಕನ್ನಡದಲ್ಲಿ ನಡೆದಿಲ್ಲವೆಂದಲ್ಲ. ಬೇಸಾಯ, ನೇಯ್ಗೆ, ಕುಂಬಾರಿಕೆಗಳ ನುಡಿಯನ್ನು ಸಂಗ್ರಹಿಸಿದವರಿದ್ದಾರೆ. ಮೀನುಗಾರಿಕೆಯ ಪದಗಳೂ ಅಲ್ಲಲ್ಲಿ ದಾಖಲಾಗಿವೆ. 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು ಕರಾವಳಿಯ ಬದುಕಿನ ದೊಡ್ಡ ಕಣಜ. ಕೊರತೆ ಪದಗಳ ಎಣಿಕೆಯಲ್ಲಿಲ್ಲ. ಕಡಲಿನ ಪದವೊಂದು ಕಡಲಿನಲ್ಲಿ ಮಾಡುವ ಕೆಲಸವೇನು, ಅದನ್ನು ತಪ್ಪಾಗಿ ಕೇಳಿದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಕನ್ನಡ ವಿಭಾಗಗಳು ತಮ್ಮ ಪ್ರಶ್ನೆಯೆಂದು ಎತ್ತಿಕೊಂಡಿಲ್ಲ ಎಂಬಲ್ಲಿದೆ.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಕನ್ನಡದ ಓದು ನೆಲದ ಕಡೆಯಿಂದ ಕಡಲನ್ನು ಕಂಡಿದೆ. ಕಾವ್ಯಗಳಲ್ಲಿ ಅದು ಅಷ್ಟಾದಶ ವರ್ಣನೆಗಳಲ್ಲಿ ಒಂದು. ಅನುಭಾವದಲ್ಲಿ ಸಂಸಾರಕ್ಕೆ ರೂಪಕ. ಆಧುನಿಕ ಕಾದಂಬರಿಗಳಲ್ಲಿ ಅಲೆಯ ಸದ್ದಿಗೆ ಅತ್ಯಂತ ಹತ್ತಿರವಿರುವ ಕಾರಂತರ ಕೃತಿಯ ಹೆಸರೇ ‘ಮರಳಿ ಮಣ್ಣಿಗೆ’. ಕಡಲ ದಂಡೆಯ ಕೋಡಿಯಲ್ಲಿ ನಡೆಯುವ ಆ ಮಹಾಕಥನದ ಜನರು ಕಡಲನ್ನು ದಿನವೂ ಕೇಳುತ್ತಾರೆ, ಅದರ ಮೇಲೆ ಬದುಕುವುದಿಲ್ಲ. ಇದು ಆ ಕೃತಿಯ ದೋಷವಲ್ಲ. ಸುಮಾರು 320 ಕಿಲೋಮೀಟರ್ ಉದ್ದದ ಕರಾವಳಿಯಿರುವ ನಾಡಿನ ಸಾಹಿತ್ಯಲೋಕ ಎಲ್ಲಿ ನಿಂತು ನೋಡುತ್ತಿದೆ ಎಂಬುದರ ಗುರುತು ಅಷ್ಟೆ.

ಜಾನಪದ ಅಧ್ಯಯನ ಈ ದೂರವನ್ನು ಕಡಿಮೆ ಮಾಡಬಹುದಾಗಿತ್ತು. ಮಾಡಿದೆಯೂ ಹೌದು, ಆದರೆ ಅರ್ಧ ದಾರಿಯವರೆಗೆ. ಮೊಗವೀರರು ಆರಾಧಿಸುವ ಬೊಬ್ಬರ್ಯನ ಉದಾಹರಣೆ ಇಲ್ಲಿ ಉಪಯುಕ್ತ. ಪಾಡ್ದನಗಳಲ್ಲಿ ಪಾಠಾಂತರಗಳಿದ್ದರೂ ಬೊಬ್ಬರ್ಯ ಬ್ಯಾರಿ ವರ್ತಕನ ಮಗ, ಹಡಗು ಕಟ್ಟಿ ಕಡಲೇರಿದವನು, ಕಡಲಿನಲ್ಲೇ ಮಡಿದು ದೈವವಾದವನು ಎಂಬುದು ಸಾಮಾನ್ಯ ತಿರುಳು. ಸಂಶೋಧಕರು ಇದರಲ್ಲಿ ಮತಸಾಮರಸ್ಯವನ್ನು ಕಂಡರು, ಸರಿಯಾಗಿಯೇ ಕಂಡರು. ಆದರೆ ಕಡಲಿನಲ್ಲಿ ಸತ್ತವನೊಬ್ಬ ಕಡಲಿಗೆ ಹೋಗುವವರ ಕಾವಲುಗಾರನಾಗುವುದರ ಹಿಂದೆ ಒಂದು ಸಮುದಾಯದ ಅಪಾಯದ ಅನುಭವ ಗಟ್ಟಿಗೊಂಡಿದೆ ಎಂಬುದರ ಕಡೆಗೆ ಗಮನ ಹರಿದದ್ದು ಕಡಿಮೆ. ಶ್ರಾವಣದ ನೂಲಹುಣ್ಣಿಮೆಯ ಸಮುದ್ರಪೂಜೆಗೂ ಇದೇ ಮಾತು ಸಲ್ಲುತ್ತದೆ. ಹಾಲು, ತೆಂಗಿನಕಾಯಿಗಳ ಅರ್ಪಣೆ ವಿವರವಾಗಿ ದಾಖಲಾಗಿದೆ. ಅದು ಮುಂಗಾರಿನ ಅಬ್ಬರ ಇಳಿದ ಮೇಲೆ ಹಾಯಿಹಡಗುಗಳಿಗೆ ಕಡಲು ಮತ್ತೆ ತೆರೆದುಕೊಳ್ಳುವ ದಿನವೂ ಆಗಿತ್ತೆಂಬುದು ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಇಂದು ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಕಾನೂನಿನ ತಿಂಗಳು ಸೌರಮಾನದ್ದು, ಪೂಜೆಯ ಹುಣ್ಣಿಮೆ ಚಾಂದ್ರಮಾನದ್ದು. ಈ ಎರಡು ಪಂಚಾಂಗಗಳ ನಡುವಿನ ದಿನಗಳಲ್ಲಿ ಬಂದರಿನ ಜನ ಯಾವ ಲೆಕ್ಕ ಹಿಡಿಯುತ್ತಾರೆ, ಯಾಕೆ ಹಿಡಿಯುತ್ತಾರೆ ಎಂಬುದು ಒಳ್ಳೆಯ ಸಂಶೋಧನ ಪ್ರಬಂಧಕ್ಕೆ ವಸ್ತುವಾದೀತು.

ಕಡಲ ನುಡಿಯನ್ನು ಜೀವರಕ್ಷಣೆಯ ಸಾಧನವೆಂದು ಕಂಡವರು ಹಿಂದೆ ಇದ್ದರು. ಅವರ ಉದ್ದೇಶ ಬೇರೆಯಿತ್ತು. 1811ರಲ್ಲಿ ಕಲ್ಕತ್ತೆಯಲ್ಲಿ ಥಾಮಸ್ ರೋಬಕ್ ಎಂಬ ಅಧಿಕಾರಿ ಇಂಗ್ಲಿಷ್-ಹಿಂದೂಸ್ತಾನಿ ನೌಕಾ ನಿಘಂಟೊಂದನ್ನು ಪ್ರಕಟಿಸಿದನು. ಕಂಪನಿಯ ಕಾಲದ ಹಡಗುಗಳಲ್ಲಿ ದುಡಿಯುತ್ತಿದ್ದ ಲಸ್ಕರರೆಂಬ ಏಷ್ಯಾದ ನಾವಿಕರಿಗೆ ಹಡಗಿನ ಮೇಲಿನ ಅಪ್ಪಣೆಗಳು ತಿಳಿಯಬೇಕಿತ್ತು. ಬಿರುಗಾಳಿಯ ನಡುವೆ ಹಾಯಿ ಇಳಿಸೆಂಬ ಮಾತು ಅರ್ಥವಾಗದಿದ್ದರೆ ಲಸ್ಕರನೊಡನೆ ಸಾಹೇಬನೂ ಮುಳುಗುತ್ತಾನೆ. ವಸಾಹತು ಆಡಳಿತದ ಭಾಷಾಸೇವೆಯ ಹಿಂದಿನ ಹಿತಾಸಕ್ತಿಯನ್ನು ಕನ್ನಡ ವಿಮರ್ಶೆ ಸಾಕಷ್ಟು ಬಯಲುಮಾಡಿದೆ. ಇಲ್ಲಿ ಅದನ್ನು ಮತ್ತೆ ಹೇಳಬೇಕಾಗಿಲ್ಲ. ಅಮಿತಾವ್ ಘೋಷ್ 2008ರ ತಮ್ಮ ಕಾದಂಬರಿ ‘ಸೀ ಆಫ್ ಪಾಪೀಸ್’ನಲ್ಲಿ ಆ ಲಸ್ಕರಿ ನುಡಿಗೆ ಮರುಜೀವ ಕೊಟ್ಟದ್ದು ಸಾಹಿತ್ಯದ ಓದುಗರಿಗೆ ಗೊತ್ತಿದೆ. ಕರಾವಳಿಯ ಬೋಟುಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ತಾಂಡೇಲ, ಕಲಾಸಿ ಎಂಬ ಪದಗಳು ಆ ಬಳಗದವೇ. ಲಂಗರು, ಬಂದರುಗಳು ಪಾರ್ಸಿಯಿಂದ ಬಂದವು. ರಾಜಕಾರಣಿಗಳು ಆಗಾಗ ‘ಹಿಡಿಯುವ’ ಚುಕ್ಕಾಣಿಯ ಮೂಲ ಅರಬ್ಬಿ ನಾವಿಕರ ಮಾತಿನಲ್ಲಿದೆ. ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತ ಕಂಡುಹೋದ ಕಾಲಕ್ಕಾಗಲೇ ಅರಬ್ಬಿ ಕಡಲು ಹಲವು ನುಡಿಗಳ ಸಂತೆಯಾಗಿತ್ತು.

ಈ ಸಂತೆಯಿಂದ ಕರಾವಳಿಗೆ ಬಂದ ಪದಗಳಲ್ಲಿ ಒಂದನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಬಹುದು. ಅದು ‘ತೂಫಾನ್’. ಅರಬ್ಬಿ ಮೂಲದ ಈ ಪದಕ್ಕೆ ಕನ್ನಡ ಬರವಣಿಗೆ ಕೊಡುವ ಅರ್ಥ ಬಿರುಗಾಳಿ, ಚಂಡಮಾರುತ. ಹವಾಮಾನ ಪ್ರಕಟಣೆಯನ್ನು ಅನುವಾದಿಸುವವರ ಕಲ್ಪನೆಯಲ್ಲಿ ಮೀನುಗಾರನು ತೂಫಾನಿಗೆ ಹೆದರಿ ಮನೆಯಲ್ಲಿ ಕುಳಿತಿರುತ್ತಾನೆ. ಉಡುಪಿ, ಕುಂದಾಪುರದ ಕಡೆಯ ನಾಡದೋಣಿಯವರಿಗೆ ಮಳೆಗಾಲದ ತೂಫಾನ್ ಅಪಾಯವೂ ಹೌದು, ಕಾಯುವ ಘಟನೆಯೂ ಹೌದು. ಮುಂಗಾರಿನ ಆರಂಭದಲ್ಲಿ ಕಡಲು ಒಮ್ಮೆ ಚೆನ್ನಾಗಿ ಕದಡಬೇಕು, ತಳದ ನೀರು ಮೇಲಕ್ಕೆ ಬರಬೇಕು. ಅದು ಅಡಗಿದ ಮೇಲೆ ದಡದ ಹತ್ತಿರ ಸಿಗಡಿ, ಬೂತಾಯಿ, ಬಂಗುಡೆಗಳು ಸಿಕ್ಕುವವು, ಮಾಟುಬಲೆಯ ದೋಣಿಗಳು ಇಳಿಯುವವು. ತೂಫಾನ್ ಆಗದ ವರ್ಷ ನಾಡದೋಣಿಯವರಿಗೆ ಚಿಂತೆಯ ವರ್ಷ. ಹೀಗೆ ಒಂದೇ ಪದ ಕಚೇರಿಯಲ್ಲಿ ‘ಹೋಗಬೇಡ’ ಎಂಬುದನ್ನೂ ದಡದಲ್ಲಿ ‘ಸಿದ್ಧನಾಗು’ ಎಂಬುದನ್ನೂ ಧ್ವನಿಸುತ್ತದೆ. ಶಬ್ದಾರ್ಥವಿಜ್ಞಾನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅದು ಪಾಠದ ಉದಾಹರಣೆ ಮಾತ್ರವಾಗಿ ಉಳಿಯದೆ ಜೀವದ ಪ್ರಶ್ನೆಯೂ ಆಗಬಲ್ಲದು. ತೂಫಾನ್ ಅಡಗಿತೆಂದು ನಿರ್ಣಯಿಸುವ ಗಳಿಗೆಯ ಮೇಲೆ ದೋಣಿಯಲ್ಲಿರುವವರ ಪ್ರಾಣ ನಿಂತಿದೆ. ಆ ನಿರ್ಣಯಕ್ಕೆ ಹಿರಿಯರು ಬಳಸುತ್ತಿದ್ದ ಲಕ್ಷಣಗಳೆಷ್ಟು, ಅವುಗಳಲ್ಲಿ ಬದಲಾದ ಹವಾಮಾನದಲ್ಲಿ ಈಗಲೂ ನಂಬಬಹುದಾದವೆಷ್ಟು ಎಂಬುದನ್ನು ತಿಳಿಯಬೇಕಾದರೆ ಮೊದಲು ಅವುಗಳ ಹೆಸರುಗಳು ಬೇಕು.

ಪ್ರಕಟಣೆಗಳ ಕನ್ನಡದ ಸ್ಥಿತಿ ಬೇರೆ. ‘ಪ್ರಕ್ಷುಬ್ಧ’, ‘ವಾಯುಭಾರ ಕುಸಿತ’, ‘ಮೇಲ್ಮೈ ಸುಳಿಗಾಳಿ’ ಮುಂತಾದುವು ಶುದ್ಧವಾದ ಪದಗಳು. ಪಂಪನ ನಾಡಿನಲ್ಲಿ ಅವುಗಳಿಗೆ ಪರಕೀಯತೆಯಿಲ್ಲ. ಆದರೆ ಎಚ್ಚರಿಕೆ, ಮುನ್ನೆಚ್ಚರಿಕೆ, ಸೂಚನೆ, ಸಲಹೆಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟು ಬಳಸುವ ರೂಢಿಯಿಂದ ಹೇಳಿಕೆಯ ತೂಕವೇ ಕಳೆದುಹೋಗುತ್ತದೆ. ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ 2001ರಲ್ಲಿ ಅಂಗೀಕರಿಸಿದ ಕಡಲ ಸಂವಹನದ ಪ್ರಮಾಣೀಕೃತ ವಾಕ್ಯಗಳ ಸಂಗ್ರಹದಲ್ಲಿ ಒಂದು ಸರಳ ಉಪಾಯವಿದೆ. ಸಂದೇಶಕ್ಕೆ ಮೊದಲು ಅದು ಯಾವ ಬಗೆಯದೆಂಬುದನ್ನು ಒಂದು ಪದದಲ್ಲಿ ಹೇಳಬಹುದು: ಆದೇಶವೋ, ಸಲಹೆಯೋ, ಎಚ್ಚರಿಕೆಯೋ, ಬರಿಯ ಮಾಹಿತಿಯೋ, ಪ್ರಶ್ನೆಯೋ. ಹಡಗು ಹಡಗಿಗೆ ಡಿಕ್ಕಿಯಾಗುವ ಮುನ್ನ ಉಳಿದಿರುವ ಕೆಲವೇ ನಿಮಿಷಗಳಲ್ಲಿ ಗೊಂದಲಕ್ಕೆ ಎಡೆಯಿರಬಾರದೆಂಬುದು ಇದರ ತರ್ಕ. ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರ ಅಲೆಯ ಎತ್ತರ, ಗಾಳಿಯ ವೇಗಗಳನ್ನು ಕರಾವಳಿಯ ಭಾಷೆಗಳಲ್ಲಿ, ಕನ್ನಡದಲ್ಲಿಯೂ, ಕೊಡುತ್ತಿದೆ. ಇದು ಸಣ್ಣ ಸಾಧನೆಯಲ್ಲ. ಅದರ ಕನ್ನಡವನ್ನು ಕಡಲಿಗೆ ಹೋಗುವವರ ಮುಂದಿಟ್ಟು ಪರೀಕ್ಷಿಸಬಲ್ಲ ತಜ್ಞತೆ ಇರುವುದು ವಿಜ್ಞಾನಿಗಳಲ್ಲಲ್ಲ, ಭಾಷಾವಿಭಾಗಗಳಲ್ಲಿ.

ಪದಗಳು ಯಾರನ್ನು ಬದುಕಿಸುತ್ತವೆ ಎಂಬ ಆಕ್ಷೇಪ ಇಲ್ಲಿ ಸಹಜವಾಗಿ ಏಳುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಷ್ಟೋ ದೋಣಿಗಳು ಮಗುಚುವುದು ನಡುಗಡಲಿನಲ್ಲಲ್ಲ, ಹೊಳೆ ಕಡಲು ಸೇರುವ ಅಳಿವೆಯಲ್ಲಿ. ಅಳಿವೆಬಾಗಿಲಿನಲ್ಲಿ ಹೂಳು ತುಂಬಿದೆಯೆಂಬ ಕೂಗು ಗಂಗೊಳ್ಳಿ, ಹೊನ್ನಾವರಗಳಿಂದ ಮತ್ತೆ ಮತ್ತೆ ಕೇಳಿಬಂದಿದೆ. ಹೂಳೆತ್ತದಿರುವುದಕ್ಕೆ ನಿಘಂಟು ಮದ್ದಲ್ಲ. ಜೀವರಕ್ಷಕ ಜಾಕೆಟ್ಟು ಬೋಟಿನ ಮೂಲೆಯಲ್ಲಿ ಬಿದ್ದಿರುವುದಕ್ಕೆ, ಯಂತ್ರ ಕೆಡುವುದಕ್ಕೆ, ಸಾಲ ತೀರಿಸಲು ಹವೆ ನೋಡದೆ ಹೊರಡುವುದಕ್ಕೆ ಬೇರೆ ಬೇರೆ ಕಾರಣಗಳಿವೆ. 2017ರ ನವೆಂಬರ್ ಕೊನೆಯಲ್ಲಿ ಒಖಿ ಚಂಡಮಾರುತ ಎದ್ದಾಗ ಕೇರಳ, ತಮಿಳುನಾಡುಗಳ 300ಕ್ಕೂ ಹೆಚ್ಚು ಮೀನುಗಾರರು ಮರಳಲಿಲ್ಲ. ಅವರಲ್ಲಿ ಅನೇಕರು ಎಚ್ಚರಿಕೆ ಹೊರಡುವ ಮೊದಲೇ ಆಳಕಡಲಿಗೆ ಹೋಗಿದ್ದವರು. ಯಾವ ಭಾಷೆಯಲ್ಲಿ ಹೇಳಿದ್ದರೂ ಕೇಳಿಸದಷ್ಟು ದೂರ ಅದು.

ಅಂತರರಾಷ್ಟ್ರೀಯ ಕಾನೂನಿನ ಆಸರೆಯೂ ಈ ಜನಕ್ಕೆ ತೆಳುವಾದದ್ದು. 1912ರಲ್ಲಿ ಟೈಟಾನಿಕ್ ಮುಳುಗಿ ಸುಮಾರು 1,500 ಮಂದಿ ಸತ್ತ ಮೇಲೆ 1914ರಲ್ಲಿ ರೂಪುಗೊಂಡ ಕಡಲ ಜೀವಸುರಕ್ಷೆಯ ಒಪ್ಪಂದ ಹಲವು ಬಾರಿ ಪರಿಷ್ಕಾರವಾಗಿದ್ದರೂ ಅದರ ಬಹುಪಾಲು ವಿಧಿಗಳು ಮೀನುಗಾರಿಕೆಯ ನೌಕೆಗಳಿಗೆ ಅನ್ವಯಿಸುವುದಿಲ್ಲ. ನಾವಿಕರ ಹಕ್ಕುಗಳ ಸಂಹಿತೆಯೆನಿಸಿದ 2006ರ ಕಡಲ ಕಾರ್ಮಿಕ ಒಡಂಬಡಿಕೆಯೂ ಅವರನ್ನು ಹೊರಗಿಟ್ಟು, ಅವರಿಗಾಗಿ 2007ರಲ್ಲಿ ಬೇರೊಂದು ಒಡಂಬಡಿಕೆ ಬರಬೇಕಾಯಿತು. ಹಡಗಿನವನಿಗೆ ಪುಸ್ತಕದ ಕಟ್ಟಳೆಯಿದೆ. ದೋಣಿಯವನಿಗೆ ಬಹುಕಾಲ ಇದ್ದದ್ದು ಹಿರಿಯರ ಮಾತು.

ಆ ಮಾತಿಗೂ ಮಿತಿಯಿದೆ. ದೇಸಿ ತಿಳಿವಳಿಕೆಯ ಬಗೆಗೆ ಮಾತಾಡುವಾಗ ಅದೆಲ್ಲವೂ ವಿವೇಕವೇ ಎಂಬ ಭಾವುಕತೆ ನುಸುಳಿಬಿಡುತ್ತದೆ. ತಕಳಿಯವರ ‘ಚೆಮ್ಮೀನ್’ ಕಾದಂಬರಿಯ ಕೇಂದ್ರದಲ್ಲಿರುವ ನಂಬಿಕೆಯನ್ನು ನೆನೆದರೆ ಸಾಕು. ಕಡಲಿಗೆ ಹೋದ ಗಂಡನ ಪ್ರಾಣ ದಡದಲ್ಲಿರುವ ಹೆಂಡತಿಯ ಶೀಲದಲ್ಲಿದೆ ಎಂಬ ಆ ನಂಬಿಕೆ, ಮುಳುಗಿದವನ ಸಾವಿನ ಹೊಣೆಯನ್ನು ಅಲೆಯಿಂದ ಎತ್ತಿ ಹೆಣ್ಣಿನ ಮೇಲಿಡುತ್ತದೆ. ಹವೆ ನೋಡದೆ ದೋಣಿ ಇಳಿಸಿದವನು ಪಾರಾಗಿಬಿಡುತ್ತಾನೆ. ಸಂಪ್ರದಾಯದಲ್ಲಿ ಜೀವ ಉಳಿಸುವುದು ಯಾವುದು, ತಪ್ಪು ಮುಚ್ಚುವುದು ಯಾವುದು ಎಂಬ ವಿಂಗಡಣೆಯನ್ನು ಸಂಗ್ರಹಕಾರನು ಮಾಡದಿದ್ದರೆ ಸಂಗ್ರಹ ಹರಕೆಯ ಗಂಟಾಗುತ್ತದೆ.

ಇನ್ನೂ ಮುಖ್ಯವಾದ ಮಿತಿಯೊಂದಿದೆ. ಹಿರಿಯರ ಅರಿವು ಬಹುಮಟ್ಟಿಗೆ ದಡ ಕಾಣುವ ಕಡಲಿನ ಅರಿವು. ಗುಡ್ಡದ ತುದಿ, ದೇಗುಲದ ಶಿಖರ, ನೇತ್ರಾಣಿಯಂಥ ದ್ವೀಪ ಇವುಗಳನ್ನು ಒಂದಕ್ಕೊಂದು ಹೊಂದಿಸಿ ನೋಡಿ ತಾನಿರುವ ಜಾಗವನ್ನು ತಿಳಿಯುವ ಕ್ರಮ ಅದು. ಊರ ಜನ ಹಲವಾರು ಮಂದಿ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿಯ ಕಾಲದಲ್ಲಿ ನೀರಿನ ಬಣ್ಣ, ಹಕ್ಕಿಗಳ ಹಾರಾಟ, ಇರುಳಿನಲ್ಲಿ ಅಲೆಯ ಮಿನುಗುಗಳಿಂದ ಬಂಗುಡೆಯ ಹಿಂಡನ್ನು ಗುರುತಿಸುವ ಕಣ್ಣು ಬೇಕಿತ್ತು. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬಲೆ ಬಂದು ರಂಪಣಿ ಹಿಂದೆ ಸರಿಯಿತು. ದಡದ ಮೀನು ಕಡಿಮೆಯಾದಂತೆ ಟ್ರಾಲ್ ಬೋಟುಗಳು ಹತ್ತು ದಿನಗಳಿಗೂ ಮೀರಿ ಗೋವಾ, ಮಹಾರಾಷ್ಟ್ರಗಳಾಚೆಯ ನೀರಿಗೆ ಹೋಗತೊಡಗಿದವು. ಅಜ್ಜ ಹೇಳಿದ ಗುರುತು ಅಲ್ಲಿ ಒಂದೂ ಇಲ್ಲ; ಜಿಪಿಎಸ್ ತೆರೆಯ ಮೇಲಿನ ಅಂಕಿಗಳಿವೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಎರಡು ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. ಅದರಲ್ಲಿದ್ದ ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಏಳು ಮೀನುಗಾರರಿಗಾಗಿ ತಿಂಗಳುಗಟ್ಟಲೆ ಹುಡುಕಾಟ ನಡೆದು, 2019ರ ಮೇ ತಿಂಗಳಲ್ಲಿ ಮಾಲ್ವಣದಾಚೆ ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷವನ್ನು ನೌಕಾಪಡೆ ಪತ್ತೆಮಾಡಿತು. ಜನ ಸಿಗಲಿಲ್ಲ. ಕಾಣೆಯಾದವನನ್ನು ಸತ್ತವನೆಂದು ಭಾವಿಸಲು ಸಾಕ್ಷ್ಯ ಕಾನೂನು ಸಾಮಾನ್ಯವಾಗಿ ಏಳು ವರ್ಷಗಳನ್ನು ಕೇಳುತ್ತದೆ. ಹೆಣ ಸಿಗದ ಮನೆಯಲ್ಲಿ ಉತ್ತರಕ್ರಿಯೆ ಎಂದು, ಹೇಗೆ, ಯಾರ ಅಪ್ಪಣೆಯಿಂದ ಎಂಬ ಪ್ರಶ್ನೆಗೆ ಕರಾವಳಿಯ ಒಂದೊಂದು ಸಮುದಾಯವೂ ತನ್ನದೇ ಉತ್ತರ ಕಂಡುಕೊಂಡಿರಬೇಕು. ಆಚರಣೆಗಳ ಅಧ್ಯಯನದಲ್ಲಿ ಈ ಉತ್ತರಗಳಿಗೆ ಸಿಕ್ಕಿರುವ ಜಾಗ ಬಲು ಕಿರಿದು.

ಬೋಟಿನ ಒಳಗಿನ ನುಡಿಯೂ ಈಗ ಬದಲಾಗಿದೆ. ಮಂಗಳೂರು, ಮಲ್ಪೆಗಳ ಬೋಟುಗಳಲ್ಲಿ ಆಂಧ್ರ, ತಮಿಳುನಾಡು, ಒಡಿಶಾ, ಜಾರ್ಖಂಡುಗಳಿಂದ ಬಂದವರು ದುಡಿಯುತ್ತಾರೆ. 2021ರ ಏಪ್ರಿಲಿನಲ್ಲಿ ಮಂಗಳೂರಿನಾಚೆ ಸರಕು ಹಡಗಿನೊಡನೆ ಡಿಕ್ಕಿಯಾದ ಬೋಟು ಕೇರಳದ ಬೇಪೂರಿನದು. ಅದರಲ್ಲಿದ್ದ 14 ಮಂದಿ ತಮಿಳುನಾಡು, ಪಶ್ಚಿಮ ಬಂಗಾಳಗಳವರು. ಬದುಕುಳಿದವರು ಇಬ್ಬರು. ರೋಬಕನ ಕಾಲದ ಲಸ್ಕರರ ಹಡಗು ಬೇರೆ ರೂಪದಲ್ಲಿ ಮರಳಿ ಬಂದಿದೆ ಎನ್ನಬಹುದು. ತುಳು ಅಥವಾ ಕುಂದಗನ್ನಡದ ತಾಂಡೇಲನ ಅಪ್ಪಣೆಯನ್ನು ಒಡಿಯಾ ಮಾತೃಭಾಷೆಯ ಕಲಾಸಿ ಯಾವ ಪದಗಳ ಮೂಲಕ ಹಿಡಿಯುತ್ತಾನೆ? ಅಲ್ಲೊಂದು ಬೆರಕೆನುಡಿ ಹುಟ್ಟುತ್ತಿರಬಹುದು. ಸಮಾಜಭಾಷಾವಿಜ್ಞಾನ ಓದಿಸುವ ವಿಭಾಗಗಳಿಗೆ ಅದು ಕಣ್ಣೆದುರಿನ ಪ್ರಯೋಗಾಲಯ.

ಕನ್ನಡ ವಿಭಾಗಗಳ ಹಿಂಜರಿಕೆಗೆ ಒಂದು ಕಾರಣ ಬಹಿರಂಗವಾಗಿ ಚರ್ಚೆಯಾಗುವುದಿಲ್ಲ. ಕರ್ನಾಟಕದ ಕಡಲು ಹೆಚ್ಚಾಗಿ ಕನ್ನಡ ಮಾತಾಡುವುದಿಲ್ಲ. ಖಾರ್ವಿಗಳದು ಕೊಂಕಣಿ, ತೆಂಕಣ ಮೊಗವೀರರದು ತುಳು, ಬಡಗಣದವರದು ಕುಂದಗನ್ನಡ, ಭಟ್ಕಳದಲ್ಲಿ ನವಾಯತಿ, ಮಂಗಳೂರಿನ ದಕ್ಕೆಯಲ್ಲಿ ಬ್ಯಾರಿ. ಹೀಗಾಗಿ ‘ಇದು ನಮ್ಮ ವಿಭಾಗದ ವಿಷಯವಲ್ಲ’ ಎಂಬ ನಿರಾಳತೆ ದೊರೆಯುತ್ತದೆ. ಆದರೆ ಆಡಳಿತದ ಎಚ್ಚರಿಕೆ ಈ ಎಲ್ಲರಿಗೂ ಕನ್ನಡದಲ್ಲಿ ಹೋಗುತ್ತದೆ. ಪರಿಹಾರದ ಅರ್ಜಿ, ಪೊಲೀಸು ದೂರು, ಮರಣಪತ್ರಗಳು ಕನ್ನಡದಲ್ಲಿವೆ. ಆಡಳಿತ ಭಾಷೆಯಾಗಬೇಕೆಂದು ಹೋರಾಡಿ ಪಡೆದ ಸ್ಥಾನದೊಡನೆ ಆ ಭಾಷೆಯನ್ನು ತುಳುವಿಗೂ ಕೊಂಕಣಿಗೂ ಕಿವಿಗೊಡುವಂತೆ ಮಾಡುವ ಹೊಣೆಯೂ ಬಂದಿದೆ. ಗಾಳಿ, ಸೆಳೆತ, ಅಲೆ, ಉಬ್ಬರ-ಇಳಿತ, ಅಳಿವೆಯ ಸ್ಥಿತಿ, ದೋಣಿಯ ಭಾಗ, ಅಪ್ಪಣೆಯ ಮಾತು ಇಷ್ಟಕ್ಕೆ ಸೀಮಿತವಾಗಿ ಐದು ನುಡಿಗಳ ಸಂವಾದಿ ಪದಕೋಶವೊಂದು ಅಸಾಧ್ಯದ ಕೆಲಸವಲ್ಲ. ಬಂದರಿಗೆ ಒಬ್ಬರಂತೆ ಐದಾರು ಸಂಶೋಧನ ವಿದ್ಯಾರ್ಥಿಗಳು, ಧ್ವನಿಮುದ್ರಣ, ಅರ್ಥದ ಜೊತೆಗೆ ಬಳಕೆಯ ಸಂದರ್ಭ ಇವಿಷ್ಟು ಸಾಕು. ಸಂತ-ಶರಣರ ಮೇಲೆ ಇನ್ನೊಂದು ತೌಲನಿಕ ಮಹಾಪ್ರಬಂಧ ಬರುವುದು ಎರಡು ವರ್ಷ ತಡವಾದರೆ ನಾಡಿಗೆ ಹೆಚ್ಚಿನ ನಷ್ಟವಾಗದು.

ತಡವಾಗಬಾರದ್ದು ಇದು. ರಂಪಣಿ ಎಳೆದ ಕೈಗಳು, ಹಾಯಿಯ ಪಡಾವು, ಮಂಜಿಗಳಲ್ಲಿ ಕಡಲೇರಿದವರು ಈಗ ಮುಪ್ಪಿನವರು. ಕ್ಷೇತ್ರಕಾರ್ಯವನ್ನು ವಿಭಾಗಗಳು ಬೇಸಿಗೆಯ ರಜೆಯಲ್ಲಿಟ್ಟುಕೊಳ್ಳುವುದು ವಾಡಿಕೆ; ಏಪ್ರಿಲ್, ಮೇ ತಿಂಗಳುಗಳಲ್ಲಿ ಬೋಟುಗಳು ಕಡಲಿನಲ್ಲಿರುತ್ತವೆ, ದಡದಲ್ಲಿ ಸಿಗುವವರು ಕೆಲಸವಿಲ್ಲದ ಮಾಹಿತಿದಾರರು. ಜೂನ್, ಜುಲೈಗಳಲ್ಲಿ ಬೋಟುಗಳು ಬಂದರಿನಲ್ಲಿ ಸಾಲಾಗಿ ನಿಲ್ಲುತ್ತವೆ. ಮಳೆ ಹೊಯ್ಯುವಾಗ ತಾಂಡೇಲರೂ ಮುದುಕರೂ ಬಲೆ ಸರಿಪಡಿಸುತ್ತ ಮಾಡಿನ ಕೆಳಗೆ ಕುಳಿತಿರುತ್ತಾರೆ. ಮಾತಾಡಲು ಅವರಿಗೆ ಬಿಡುವಿರುವುದು ಆಗ.